ತಂತಿ ಮುಟ್ಟಿ ನೋಡ್ದಾ?

ಹಂಗಳದ ರಂಗಸ್ವಾಮಿಯ ಮನೆಗೆ ಆ ಡಿಸೆಂಬರಿನಲ್ಲಿ ಬಂದ ಪಾರ್ಸೆಲ್ಲುಗಳನ್ನು ಒಂದರ ಮೇಲೊಂದು ಪೇರಿಸಿದ್ದರೆ ಅಟ್ಟ ಹತ್ತಲು ಏಣಿಯೇ ಬೇಕಾಗುತ್ತಿರಲಿಲ್ಲ. ಮೊದಲು ಬಂದದ್ದು ನಕ್ಷತ್ರ. ಕೆಂಪು ಕಾಗದದ್ದು, ಒಳಗೆ ಬಲ್ಬು ಇಡುವಂಥದ್ದು, ಬಿಡಿಸಿದರೆ ಮೊರದಗಲ.

"ಮೂರು ತಗೊಂಡ್ರೆ ಒಂದು ಫ್ರೀ ಇತ್ತು ಕಣಮ್ಮ, ಅದಕ್ಕೇ ಮೂರು ತಗೊಂಡೆ" ಎಂದಳು ಮಗಳು ರಮ್ಯ. ಗುಂಡ್ಲುಪೇಟೆ ಕಾಲೇಜಿಗೆ ಹೋಗುವ ಹುಡುಗಿ, ಲೆಕ್ಕದಲ್ಲಿ ಜಾಣೆ.

ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದ ಅಜ್ಜಿ ಮಲ್ಲಮ್ಮ ತಿರುಗಿಯೂ ನೋಡಲಿಲ್ಲ. "ನಾಕು ನಕ್ಷತ್ರ ಕಟ್ಟಕ್ಕೆ ನಮ್ಗೆ ಹಟ್ಟಿ ಎಷ್ಟವೆ ಕಣಮ್ಮಿ?"

"ಬಾಗ್ಲಿಗೊಂದು, ಗೆಸ್ಟ್ ರೂಮಿಗೊಂದು, ಗೇಟಿಗೊಂದು, ಕೊಟ್ಟಿಗೆಗೊಂದು."

"ಕೊಟ್ಟಿಗೆಗಾ? ಕೆಂಪಿ ಹಸ ಯಾವಾಗ ಕೇಳ್ತು ನಿನ್ನ?"

ರಮ್ಯ ನಕ್ಕಳು. ಸೊಸೆ ಸುಧಾಮಣಿಯೂ ನಕ್ಕಳು. ಆದರೆ ನಕ್ಷತ್ರವನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿದು ನೋಡಿದವಳೂ ಅವಳೇ. ಅವಳಿಗೆ ಅದು ಬೇಕಾಗಿತ್ತು. ಮುಚ್ಚಿಡುವುದೇನು, ಬಹಳ ದಿನದಿಂದ ಬೇಕಾಗಿತ್ತು.

ರಂಗಸ್ವಾಮಿ ಬಂಡೀಪುರ ರಸ್ತೆಯ ಒಂದು ರೆಸಾರ್ಟಿನಲ್ಲಿ ಜೀಪ್ ಡ್ರೈವರ್. ಸುಧಾಮಣಿಯೂ ಎರಡು ವರ್ಷ ಅಲ್ಲಿಯ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚಿದವಳು. ಕ್ರಿಸ್‌ಮಸ್ ವಾರ ಬಂತೆಂದರೆ ಅಲ್ಲಿ ಮರಮರಕ್ಕೂ ಸೀರಿಯಲ್ ಸೆಟ್ಟು, ಊಟದ ಹಾಲಿನಲ್ಲಿ ಕೆಂಪು ಟೋಪಿಯ ಮಕ್ಕಳು, ಬೆಳ್ಳಿ ತಟ್ಟೆಯಲ್ಲಿ ಕೇಕು. ಇದನ್ನೆಲ್ಲ ಅವಳು ಅಡುಗೆಮನೆಯ ಬಾಗಿಲ ಸಂದಿಯಿಂದ ನೋಡಿದ್ದಳು. ಒಂದು ಸಲವಾದರೂ ತನ್ನ ಮನೆಯಲ್ಲಿ, ತನ್ನ ಬೆಳಕಿನಲ್ಲಿ, ಬಂದವರಿಗೆ ತಾನೇ ಯಜಮಾನಿಯಾಗಿ ಬಡಿಸಬೇಕು ಎಂಬ ಆಸೆ ಅಲ್ಲಿಂದ ಅಂಟಿಕೊಂಡದ್ದು. ಈ ಸಲ ರೆಸಾರ್ಟಿನ ಮ್ಯಾನೇಜರೇ, "ರೂಮು ಸಿಗದವರನ್ನ ನಿಮ್ಮನೆಗೆ ಕಳಿಸ್ತೀನಿ ರಂಗಸ್ವಾಮಿ, ಸ್ವಲ್ಪ ಡೆಕೊರೇಶನ್ ಮಾಡ್ಸು" ಎಂದದ್ದೇ ತಡ, ಗಂಡ ಹೆಂಡತಿ ಮುಂದಿನ ಎರಡು ಕೋಣೆಗೆ ಬಣ್ಣ ಹೊಡೆಸಿ, ಚಾಮರಾಜನಗರಕ್ಕೆ ಹೋಗಿ ಓವನ್ನು ತಂದರು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೆ? ಓವನ್ನಿನ ಹಿಂದೆ ಮಿಕ್ಸಿ ಬಂತು, ಮಿಕ್ಸಿಯ ಹಿಂದೆ ಹನ್ನೆರಡು ಪಿಂಗಾಣಿ ತಟ್ಟೆ ಬಂದವು, ತಟ್ಟೆಯ ಹಿಂದೆ ಪ್ಲಾಸ್ಟಿಕ್ಕಿನ ಮರ.

"ಕಾಡು ಪಕ್ಕದಲ್ಲೇ ಇಟ್ಕೊಂಡು ದುಡ್ಡು ಕೊಟ್ಟು ಮರ ತಂದವ್ರ ನಾನು ಇವತ್ತೇ ನೋಡಿದ್ದು" ಎಂದಳು ಮಲ್ಲಮ್ಮ.

ಮನೆ ಇದ್ದದ್ದು ಊರಾಚೆ, ಹೊಲದಲ್ಲೇ. ಹಿತ್ತಲಾಚೆ ಮರಿಮಲ್ಲಪ್ಪನ ಅವರೆ ಹೊಲ, ಅದರಾಚೆ ಕಾಡು. ಹಿತ್ತಲಿಗೂ ಆ ಹೊಲಕ್ಕೂ ನಡುವೆ ಸೋಲಾರ್ ತಂತಿಯ ಬೇಲಿ. ಮಲ್ಲಮ್ಮನ ಗಂಡ ಚಿಕ್ಕಯ್ಯ ಬದುಕಿದ್ದಾಗ ಹಾಕಿಸಿದ್ದು. ಕೊಟ್ಟಿಗೆಯ ಪಕ್ಕದ ಕಂಬದಲ್ಲಿ ಒಂದು ಪೆಟ್ಟಿಗೆ, ಅದರೊಳಗೆ ಬೇಲಿಯ ಮಿಷನ್ನು ಮತ್ತು ಬ್ಯಾಟರಿ. ಬ್ಯಾಟರಿ ಸರಿಯಿದ್ದರೆ ಮಿಷನ್ನು ಗಡಿಯಾರದ ಹಾಗೆ ಟಿಕ್ ಟಿಕ್ ಎನ್ನುತ್ತಿರುತ್ತದೆ. ತಂತಿ ಮುಟ್ಟಿದ ಆನೆ ಸಾಯುವುದಿಲ್ಲ, ಬೆಚ್ಚಿ ಹಿಂದೆ ಸರಿಯುತ್ತದೆ, ಅಷ್ಟೆ.

ಕರೆಂಟು ಹರಿಯುತ್ತಿದೆಯೋ ಇಲ್ಲವೋ ನೋಡುವುದಕ್ಕೆ ಮಲ್ಲಮ್ಮನಿಗೆ ಮೀಟರು ಬೇಕಿರಲಿಲ್ಲ. ದಿನಾ ಸಂಜೆ ಒಂದೆಳೆ ಹಸಿ ಹುಲ್ಲು ಕಿತ್ತು ಅದರ ತುದಿಯನ್ನು ತಂತಿಗೆ ತಾಗಿಸುವಳು. ಬೆರಳು ಜುಮ್ಮೆಂದರೆ ಸರಿ. ಈಚೆಗೆ ಮಂಡಿ ಹಿಡಿದುಕೊಂಡು ಹಿತ್ತಲ ತನಕ ನಡೆಯುವುದು ಕಷ್ಟವಾಗಿತ್ತು, ಕಿವಿಯೂ ಮಂದ, ಟಿಕ್ ಟಿಕ್ ಕೇಳುತ್ತಿರಲಿಲ್ಲ. ಅದಕ್ಕೆ ದೀಪಾವಳಿಯಿಂದ ಆ ಕೆಲಸ ಸೊಸೆಯದಾಯಿತು. ಸುಧಾಮಣಿ ಹಿತ್ತಲಿಂದ ಬಂದು ಕೈಕಾಲು ತೊಳೆದಳೆಂದರೆ ಒಳಗಿಂದ ಪ್ರಶ್ನೆ ಬರುವುದು.

"ತಂತಿ ಮುಟ್ಟಿ ನೋಡ್ದಾ?"

"ಮುಟ್ದೆ ಅತ್ತೆ. ಜುಮ್ ಅಂತು."

"ಅಂಗಾರೆ ಸರಿ ಬುಡು."

ಇಷ್ಟಾದ ಮೇಲೆಯೇ ಮಲ್ಲಮ್ಮ ತಟ್ಟೆಯ ಮುಂದೆ ಕೂರುತ್ತಿದ್ದುದು.

ಡಿಸೆಂಬರ್ ಮೊದಲ ವಾರದಲ್ಲೇ ಸುಧಾಮಣಿ ಒಂದು ನೀಲಿ ಡ್ರಮ್ಮಿನಲ್ಲಿ ಕೇಕಿನ ಸಾಮಾನು ನೆನೆಹಾಕಿದಳು. ರೆಸಾರ್ಟಿನಲ್ಲಿ ನೋಡಿ ಕಲಿತದ್ದು: ಒಣದ್ರಾಕ್ಷಿ, ಗೋಡಂಬಿ, ಕಿತ್ತಳೆ ಸಿಪ್ಪೆ, ಬೆಲ್ಲದ ಪಾಕ, ಅದರ ಮೇಲೆ ರಮ್ಮು. ಮೂರು ವಾರ ನೆನೆದರೆ ಘಮ. ಡ್ರಮ್ಮಿನ ಮುಚ್ಚಳ ತೆಗೆದ ಕೂಡಲೆ ಮಲ್ಲಮ್ಮ ಮೂಗು ಮುಚ್ಚಿಕೊಂಡಳು.

"ದೇವ್ರ ಪಟ ಇರೋ ಹಟ್ಟೀಲಿ ಸರಾಯಿ ಇಕ್ತೀರಾ? ತಗದು ಆಚ್ಗಾಕಿ."

"ಸರಾಯಿ ಅಲ್ಲ ಕಣವ್ವ, ಕೇಕಿನ ಸಾಮಾನು" ಎಂದ ರಂಗಸ್ವಾಮಿ.

"ನಿಮ್ಮಪ್ಪನೂ ಔಸ್ತಿ ಅಂತ್ಲೇ ಕುಡೀತಿದ್ದ. ತಗಿ."

ಡ್ರಮ್ಮು ಕೊಟ್ಟಿಗೆಗೆ ಹೋಯಿತು. ಕೆಂಪಿಯ ಗೊಂತಿನ ಪಕ್ಕ, ಹಿಂಗೋಡೆಗೆ ಒರಗಿಸಿ ಇಟ್ಟರು. ಕೆಂಪಿ ದಿನ ತುಂಬುತ್ತಿದ್ದ ಹಸು, ಚೊಚ್ಚಲು. ಸಂಕ್ರಾಂತಿಯ ಹೊತ್ತಿಗೆ ಕರು ಹಾಕಬೇಕು. "ವಾಸ್ನೆಗೆ ದೊಡ್ಡಯ್ಯ ಬಂದಾನು" ಎಂದು ಮಲ್ಲಮ್ಮ ಗೊಣಗಿದಳು. ಹೊತ್ತು ಮುಳುಗಿದ ಮೇಲೆ ಅವಳು ಆನೆ ಎಂಬ ಹೆಸರೆತ್ತುತ್ತಿರಲಿಲ್ಲ. ಆಮೇಲೆ ತಾನೇ, "ತಂತಿ ಅದಲ್ಲ, ಬುಡು" ಎಂದು ಸಮಾಧಾನ ಮಾಡಿಕೊಂಡಳು.

ಎರಡನೆಯ ವಾರ ಅರಣ್ಯ ಇಲಾಖೆಯ ಜೀಪು ಮೈಕು ಹಾಕಿಕೊಂಡು ಊರು ಸುತ್ತಿತು. ಒಂಟಿ ಕೊಂಬಿನ ಸಲಗವೊಂದು ಈ ಕಡೆ ಓಡಾಡುತ್ತಿದೆ, ಹೊತ್ತು ಮುಳುಗಿದ ಮೇಲೆ ಹೊಲದ ಕಡೆ ಹೋಗಬೇಡಿ ಎಂದು. ಮಾರನೆಯ ಬೆಳಿಗ್ಗೆ ಮರಿಮಲ್ಲಪ್ಪ ಬೇಲಿಯಾಚೆ ನಿಂತು ಬಾಯಿ ಬಡಿದುಕೊಳ್ಳುತ್ತಿದ್ದ. ಅರ್ಧ ಅವರೆ ಹೊಲ ನೆಲಸಮವಾಗಿತ್ತು.

ಅದೇ ದಿನ, ಮ್ಯಾನೇಜರು ಗೊತ್ತುಮಾಡಿದ್ದ ಬೆಂಗಳೂರಿನ ವನಿತಾ ಮೇಡಂ ವಿಡಿಯೋ ಕಾಲ್ ಮಾಡಿದರು. ಮನೆಯವರೆಲ್ಲ ಸೇರಿ ಎಂಟು ಜನ, ಇಪ್ಪತ್ತೈದಕ್ಕೆ ಬರುವವರು. ಕೋಣೆ ತೋರಿಸಿದ್ದಾಯಿತು, ಮರ ತೋರಿಸಿದ್ದಾಯಿತು, ನಕ್ಷತ್ರ ಹೊತ್ತಿಸುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು.

"ಪವರ್ ಬ್ಯಾಕಪ್ ಇದೆ ತಾನೆ? ಲೈಟಿಂಗ್ ಇಲ್ದಿದ್ರೆ ಕ್ರಿಸ್‌ಮಸ್ ಫೀಲೇ ಬರಲ್ಲ ನೋಡಿ. ಮಕ್ಕಳು ಫೋಟೊ ಅಂತ ಸಾಯ್ತವೆ."

"ಇದೆ ಮೇಡಂ, ಇದೆ" ಎಂದ ರಂಗಸ್ವಾಮಿ.

ಫೋನು ಇಟ್ಟ ಮೇಲೆ ಸುಧಾಮಣಿ, "ಎಲ್ಲದೆ?" ಎಂದಳು.

ಅವನು ಹಿತ್ತಲ ಕಡೆ ಕಣ್ಣು ಹಾಯಿಸಿದ. ಬೇಲಿಯ ಬ್ಯಾಟರಿ. "ಒಂದು ಗಂಟೆ ತಗಂಡು ಮತ್ತೆ ಮಡಗಿದ್ರೆ ಏನಾಯ್ತದೆ? ಬೆಳಕಿರೋ ಕಡೆ ಯಾವ್ ಪ್ರಾಣಿನೂ ಬರಕಿಲ್ಲ."

"ಅತ್ತೆಗೆ?"

"ಅವ್ವಂಗ್ಯಾಕೆ ಹೇಳಕ್ಕೋಗ್ತೀಯ? ಸುಮ್ನೆ ರಾಮಾಯಣ."

ಆ ಊರಲ್ಲಿ ಸಂಜೆಯಾದರೆ ಕರೆಂಟಿಲ್ಲ. ಮೊದಲ ಸಂಜೆ ಬ್ಯಾಟರಿ ಬಿಚ್ಚಿ ಚಿಕ್ಕ ಇನ್ವರ್ಟರೊಂದಕ್ಕೆ ಸಿಕ್ಕಿಸಿ ನಾಲ್ಕು ನಕ್ಷತ್ರ, ಎಂಟು ಸೀರಿಯಲ್ ಸೆಟ್ಟು ಹೊತ್ತಿಸಿದರು. ರಮ್ಯ ವಿಡಿಯೋ ಮಾಡಿ ಫೋನಿನಲ್ಲಿ ಹಾಕಿದಳು; ನೋಡಿದವರು ಬರಲಿ ಎಂದು ದಿನಾ ಸಂಜೆ ಹೊತ್ತಿಸುವುದೆಂದಾಯಿತು. ನಿಜ ಹೇಳಬೇಕೆಂದರೆ ಮನೆ ಚೆನ್ನಾಗಿಯೇ ಕಾಣುತ್ತಿತ್ತು. ಸುಧಾಮಣಿ ಗೇಟಿನಾಚೆ ನಿಂತು ನೋಡಿ, ಇದು ನನ್ನ ಮನೆಯೇ ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ಎಂಟು ಗಂಟೆಗೆ ಬ್ಯಾಟರಿ ಮತ್ತೆ ಪೆಟ್ಟಿಗೆಗೆ ಹೋಯಿತು. ಆದರೆ ಹುಲ್ಲು ಮುಟ್ಟಿಸಿ ನೋಡುವ ಹೊತ್ತು ಆರು ಗಂಟೆ. ಆಗ ಬ್ಯಾಟರಿ ಜಗಲಿಯ ಮೇಲಿತ್ತು.

"ತಂತಿ ಮುಟ್ಟಿ ನೋಡ್ದಾ?"

ಸುಧಾಮಣಿ ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಮುಟ್ದೆ ಅತ್ತೆ. ಜುಮ್ ಅಂತು."

"ಅಂಗಾರೆ ಸರಿ ಬುಡು."

ಎಷ್ಟು ಸಲೀಸಾಗಿ ಬಂತು ಮಾತು! ಅವಳಿಗೇ ಆಶ್ಚರ್ಯ. ಎರಡನೆಯ ಸಂಜೆ ಇನ್ನೂ ಸಲೀಸು. ನಾಲ್ಕನೆಯ ದಿನ ರಂಗಸ್ವಾಮಿಗೆ ನೈಟ್ ಡ್ಯೂಟಿ, ಬ್ಯಾಟರಿ ಮರಳಿ ಇಡುವುದನ್ನು ರಮ್ಯ ಮರೆತಳು. ಆಮೇಲೆ ರಾತ್ರಿ ಹೊತ್ತು ಅದನ್ನು ಯಾರೂ ಮರೆಯಲೂ ಇಲ್ಲ, ಇಡಲೂ ಇಲ್ಲ. ಹಗಲಲ್ಲಿ ಪೆಟ್ಟಿಗೆಗೆ ಇಟ್ಟರೂ ಮಂಜು ಕವಿದ ಆಕಾಶದಲ್ಲಿ ಬಿಸಿಲೇ ಇಲ್ಲ, ಚಾರ್ಜು ಏರಬೇಕಲ್ಲ.

ಇಪ್ಪತ್ತೆರಡರ ಬೆಳಿಗ್ಗೆ ಮಲ್ಲಮ್ಮ ಕೋಲೂರಿಕೊಂಡು ಕೊಟ್ಟಿಗೆಗೆ ಹೋದವಳು ಸೊಸೆಯನ್ನು ಕೂಗಿದಳು. ಬೇಲಿಯಾಚೆ, ಕೊಟ್ಟಿಗೆಯ ಹಿಂಗೋಡೆಗೆ ನೇರವಾಗಿ, ಮಣ್ಣಿನಲ್ಲಿ ಆನೆಯ ಹೆಜ್ಜೆ. ಒಂದೆರಡಲ್ಲ, ಒಂದೇ ಕಡೆ ಮೆಟ್ಟಿ ಮೆಟ್ಟಿ ಹಳ್ಳ ಬಿದ್ದಿತ್ತು.

"ಓಗಿಲ್ಲ ಇದು. ನಿಂತದೆ. ಬೋ ಹೊತ್ತು ನಿಂತದೆ" ಎಂದಳು ಮಲ್ಲಮ್ಮ. ಆಮೇಲೆ ತಂತಿಯ ಕಡೆ ನೋಡಿ ಕೈ ಮುಗಿದಳು. "ಇದೊಂದು ಇಲ್ದಿದ್ರೆ ನಮ್ ಗತಿ ಏನವ್ವ?"

ಬ್ಯಾಟರಿ ಇನ್ನೂ ಜಗಲಿಯ ಮೇಲೇ ಇತ್ತೆಂಬುದು ಸುಧಾಮಣಿಗೆ ಗೊತ್ತಿತ್ತು. ಆಗಲೇ ಹೇಳಬೇಕಿತ್ತು. ಬಾಯಿಗೆ ಬಂದದ್ದನ್ನು ನುಂಗಿ, "ಬನ್ನಿ ಅತ್ತೆ, ಚಳಿ" ಎಂದು ಒಳಗೆ ಕರೆದುಕೊಂಡು ಬಂದಳು.

"ಬ್ಯಾಟ್ರಿ ವಾಪಸ್ ಮಡಗಿ" ಎಂದು ಗಂಡನಿಗೆ ಹೇಳಿದಳು.

"ಇನ್ ಮೂರು ದಿನ ಕಣೆ. ಅವ್ರು ಬಂದೋಗ್ಲಿ, ಹೊಸ ಬ್ಯಾಟ್ರಿನೇ ತರನ. ಇಯರ್ ಎಂಡ್ ಆಫರ್ ಅದೆ."

ಇಪ್ಪತ್ತನಾಲ್ಕರಂದು ಕೇಕಿನ ಅಚ್ಚು ಕೇಳಿ ತರಲು ಸುಧಾಮಣಿ ಬಸ್ಸು ಹತ್ತಿ ಗುಂಡ್ಲುಪೇಟೆಗೆ ಹೋದಳು. ರೆಸಾರ್ಟಿನ ಅಡುಗೆಮನೆಯಲ್ಲಿ ಜೊತೆಗಿದ್ದ ಏಲಿಯಮ್ಮನ ಮನೆ ಅಲ್ಲಿ. ವಯನಾಡಿನ ಕಡೆಯ ಹೆಂಗಸು, ಚಿಕ್ಕವರನ್ನೆಲ್ಲ ಮೋಳೇ, ಮಗಳೇ ಎನ್ನುವವಳು. ಕ್ರಿಶ್ಚಿಯನ್ನರ ಮನೆ, ನಾಳೆ ಹಬ್ಬ, ಏನೇನು ಸಿಂಗಾರ ಮಾಡಿದ್ದಾಳೋ ನೋಡಿ ಕಲಿಯೋಣ ಎಂಬ ಆಸೆಯೂ ಇತ್ತು.

ಹೋಗಿ ನೋಡಿದರೆ ಏಲಿಯಮ್ಮ ಗಂಜಿ ಕುಡಿಯುತ್ತಿದ್ದಳು. ಪಕ್ಕದಲ್ಲಿ ಹೆಸರುಕಾಳಿನ ಪಲ್ಯ. ಕಿಟಕಿಯಲ್ಲಿ ಒಂದು ಎಣ್ಣೆದೀಪ, ಇನ್ನೂ ಹಚ್ಚಿರಲಿಲ್ಲ. ಮೂಲೆಯಲ್ಲಿ ಒಣಹುಲ್ಲು ಹಾಸಿ ಮಣ್ಣಿನ ಪುಟ್ಟ ಕೊಟ್ಟಿಗೆ, ಅದರಲ್ಲಿ ಒಂದು ಮಣ್ಣಿನ ಹಸು.

"ಇದೇನಕ್ಕ, ಹಬ್ಬದ ಹೊತ್ತಲ್ಲಿ ಗಂಜಿ?"

"ನೋಂಬು ಅಲ್ವಾ ಸುಧೇ. ಒಂದನೇ ತಾರೀಕಿಂದ ಉಪವಾಸ. ಮೀನು, ಮಾಂಸ, ಮೊಟ್ಟೆ ಏನೂ ಇಲ್ಲ. ನಾಳೆ ಚರ್ಚಿಂದ ಬಂದು ನೋಂಬು ಬಿಡೋದು. ಪಕ್ಕದ ಮನೇಲಿ ಅಜ್ಜಿ ಒಬ್ಳೇ ಅಲ್ವಾ, ಅವಳಿಗೂ ಸೇರಿಸಿ ನಾಲ್ಕು ಅಪ್ಪಂ ಸುಡೋದು. ಅಷ್ಟೇ."

"ನಕ್ಷತ್ರ ಕಟ್ಟಿಲ್ವಾ? ಕೇಕು?"

ಏಲಿಯಮ್ಮ ಜೋರಾಗಿ ನಕ್ಕಳು. "ಅವನು ಹುಟ್ಟಿದ್ದು ದನದ ಕೊಟ್ಟಿಗೇಲಿ ಮೋಳೇ. ಅಲ್ಲಿ ಕರೆಂಟ್ ಇತ್ತಾ? ಕೇಕ್ ಇತ್ತಾ? ದನ ಇತ್ತು, ತಾಯಿ ಇದ್ಳು, ಸಾಕಾಯ್ತು."

ಸುಧಾಮಣಿ ಅಚ್ಚು ಕೇಳಲೇ ಇಲ್ಲ. ಹಬ್ಬ ಯಾರದೋ ಅವರು ಗಂಜಿ ಕುಡಿದು ಕುಳಿತಿದ್ದಾರೆ, ಹಬ್ಬವಲ್ಲದ ನಾವು ಮನೆಯ ಕಾವಲು ಕಿತ್ತು ನಕ್ಷತ್ರ ಹೊತ್ತಿಸಿದ್ದೇವೆ! ಬಸ್ಸಿನ ಕಿಟಕಿ ಪಕ್ಕ ಕುಳಿತು ದಾರಿಯುದ್ದಕ್ಕೂ ಅದನ್ನೇ ಯೋಚಿಸಿದಳು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಹಂಗಳದಲ್ಲಿ ಇಳಿದವಳು ಮನೆಯ ತನಕ ಓಡಿದಂತೆಯೇ ನಡೆದಳು.

ಮೊದಲು ವನಿತಾ ಮೇಡಂಗೆ ಫೋನು ಮಾಡಿದಳು. "ಮೇಡಂ, ನಮ್ಮನೇಲಿ ಲೈಟಿಂಗ್ ಇರಲ್ಲ. ಕೇಕೂ ಇಲ್ಲ. ರಾಗಿಮುದ್ದೆ, ಅವರೆಕಾಳು ಸಾರು ಮಾಡ್ತೀನಿ. ಹೊತ್ತು ಮುಳುಗೋದ್ರೊಳಗೆ ಊಟ ಮುಗಿಸ್ಬೇಕು. ಇಷ್ಟ ಇದ್ರೆ ಬನ್ನಿ."

"ಅದಕ್ಕೆ ಅಲ್ಲಿವರೆಗೂ ಯಾಕ್ರೀ ಬರ್ಬೇಕು?" ಎಂದು ಆ ಕಡೆಯಿಂದ ಫೋನು ಕಟ್ಟಾಯಿತು.

ರಂಗಸ್ವಾಮಿ ಅಂಗಳದಲ್ಲೇ ಕುಣಿದ. "ತಲೆ ಕೆಟ್ಟದಾ ನಿಂಗೆ? ಬಂದ ಲಕ್ಷ್ಮೀನ ಕಾಲಲ್ಲಿ ಒದ್ದುಬುಟ್ಟಲ್ಲ!"

"ಒದ್ದೆ. ಇನ್ನೇನ್ ಮಾಡ್ಲಿ?"

"ಇಷ್ಟೆಲ್ಲ ತಂದಿದ್ದು ಯಾರ್ಗೆ? ಓವನ್ನು ನಿಮ್ಮಪ್ಪ ತಿಂತಾನಾ?"

"ನಮ್ಮಪ್ಪನ್ ಸುದ್ದಿ ಬ್ಯಾಡ. ಬ್ಯಾಟ್ರಿ ತನ್ನಿ."

"ತರಕಿಲ್ಲ ಓಗು."

ತಾನೇ ಸ್ಟೂಲು ಹತ್ತಿ ನಕ್ಷತ್ರಗಳನ್ನು ಇಳಿಸಿದಳು. ರಮ್ಯ ಅತ್ತಳು, "ನನ್ ಫ್ರೆಂಡ್ಸೆಲ್ಲ ನೋಡವ್ರೆ, ಈಗ ಏನಂತ ಹೇಳ್ಲಿ?" ಎಂದು ಬಾಗಿಲು ಹಾಕಿಕೊಂಡಳು. ಸುಧಾಮಣಿ ಬ್ಯಾಟರಿ ಹೊತ್ತು ಪೆಟ್ಟಿಗೆಗೆ ಇಟ್ಟು ವಯರು ಸಿಕ್ಕಿಸಿದಳು. ಆಮೇಲೆ ಕೊಟ್ಟಿಗೆಯಿಂದ ನೀಲಿ ಡ್ರಮ್ಮನ್ನು ಎಳೆದು ತಂದು, ಮನೆಯ ಕಸವೆಲ್ಲ ಬೀಳುವ ಜಾಗಕ್ಕೇ, ಕೊಟ್ಟಿಗೆಯ ಹಿಂದಿನ ತಿಪ್ಪೆಗೆ ಬೋರಲು ಹಾಕಿದಳು. ಮೂರು ವಾರ ನೆನೆದ ದ್ರಾಕ್ಷಿ, ಬೆಲ್ಲ, ರಮ್ಮು ಗೊಳಗೊಳ ಹರಿಯಿತು. ಎದೆಯ ಭಾರ ಇಳಿದಂತಾಯಿತು. ಇಳಿದದ್ದು ಎಲ್ಲಿಗೆ ಎಂದು ಯೋಚಿಸುವಷ್ಟು ನಿಧಾನ ಅವಳಿಗಿರಲಿಲ್ಲ.

ಕೊನೆಗೆ ಒಂದೆಳೆ ಹುಲ್ಲು ಕಿತ್ತು ತಂತಿಗೆ ತಾಗಿಸಿದಳು.

ಏನೂ ಆಗಲಿಲ್ಲ. ಹುಲ್ಲನ್ನು ಇನ್ನೂ ಗಿಡ್ಡ ಹಿಡಿದಳು. ಬರಿ ಬೆರಳನ್ನೇ ಇಟ್ಟಳು. ತಂತಿ ಬಟ್ಟೆ ಒಣಹಾಕುವ ತಂತಿಯಷ್ಟೇ ತಣ್ಣಗಿತ್ತು. ಪೆಟ್ಟಿಗೆಗೆ ಕಿವಿಕೊಟ್ಟರೆ ಟಿಕ್ ಟಿಕ್ ಇಲ್ಲ. ಬ್ಯಾಟರಿ ಪೂರ್ತಿ ಬರಿದಾಗಿತ್ತು.

ನಾಳೆ ಬಿಸಿಲು ಬಂದರೆ ಏರುತ್ತದೆ ಎಂದುಕೊಂಡಳು. ಒಂದೇ ಒಂದು ರಾತ್ರಿ. ಬೆಳಗಾದರೆ ಎಲ್ಲ ಸರಿಹೋಗುತ್ತದೆ, ಅತ್ತೆಗೆ ಗೊತ್ತೂ ಆಗುವುದಿಲ್ಲ.

ಮಲ್ಲಮ್ಮ ಒಲೆಯ ಮುಂದೆ ಕುಳಿತಿದ್ದಳು. ಇಳಿಸಿದ ನಕ್ಷತ್ರ ನೋಡಿ ಖುಷಿಯಾಗಿತ್ತು. "ಒಳ್ಳೇ ಕೆಲ್ಸ ಮಾಡ್ದೆ ಕಣವ್ವ. ಆ ಡ್ರಮ್ ಏನ್ ಮಾಡ್ದೆ?"

"ತಿಪ್ಪೆಗೆ ಸುರುದ್ಬುಟ್ಟೆ."

ಮಲ್ಲಮ್ಮನ ಕೈ ನಿಂತಿತು. "ತಿಪ್ಪೆಗಾ? ವಾಸ್ನೆ ಏಳ್ತದಲ್ಲ ಸುಧಾ. ಕೆಂಪೀನ ಈಚ್ಗೆ ಜಗಲಿಗೆ ಕಟ್ಟನ ಏನು?" ಆಮೇಲೆ ಸೊಸೆಯ ಮುಖ ನೋಡಿದಳು. "ತಂತಿ ಮುಟ್ಟಿ ನೋಡ್ದಾ?"

ಇದೊಂದು ಮಾತು. ಜುಮ್ ಅನ್ಲಿಲ್ಲ ಅತ್ತೆ ಎಂದಿದ್ದರೆ ಐದು ನಿಮಿಷದಲ್ಲಿ ಹಸು ಜಗಲಿಯ ಮೇಲಿರುತ್ತಿತ್ತು. ಆದರೆ ಇವತ್ತು ಇಲ್ಲ ಎಂದರೆ ಇಷ್ಟು ದಿನದ ಹೌದು ಏನಾಗಬೇಕು? ಅಷ್ಟನ್ನೆಲ್ಲ ಬಿಟ್ಟ ಸುಧಾಮಣಿ ಅದೊಂದನ್ನು ಬಿಡಲಾರದೆ ಹೋದಳು.

"ಮುಟ್ದೆ ಅತ್ತೆ. ಜುಮ್ ಅಂತು."

"ಅಂಗಾರೆ ಸರಿ ಬುಡು. ಬಸುರಿ ಅದು, ಚಳೀಲಿ ಯಾಕೆ ಎಬ್ಬಿಸೋದು."

ಎಲ್ಲರೂ ಮುದ್ದೆ ಉಂಡು ಮಲಗಿದರು. ಮಲ್ಲಮ್ಮ ನಿದ್ದೆ ಹೋದಳು.

ಬೆಳಗಿನ ಆರೂಕಾಲಿಗೆ ಸುಧಾಮಣಿ ನೀರೊಲೆ ಹಚ್ಚುತ್ತಿದ್ದಳು. ಮಂಜು ಎಷ್ಟಿತ್ತೆಂದರೆ ಕೊಟ್ಟಿಗೆಯೇ ಮಸುಕಾಗಿತ್ತು. ಮನೆಯ ನಾಯಿ ಬೊಗಳದೆ ಕಟ್ಟೆಯ ಕೆಳಗೆ ನುಸುಳಿತ್ತು. ಮಲ್ಲಮ್ಮ ಬೂಸಾ ಕಲಸಿದ ಬಕೆಟ್ಟು ಹಿಡಿದು ಹಿತ್ತಲ ಬಾಗಿಲು ತೆಗೆದಳು.

ಗೋಡೆ ಬಿದ್ದ ಸದ್ದು ಬಂತು. ಕೆಂಪಿ ಒಂದೇ ಸಲ ಕೂಗಿತು, ಅಷ್ಟೆ.

ಸುಧಾಮಣಿ ಓಡಿ ಹೋಗಿ ಅತ್ತೆಯನ್ನು ಎರಡೂ ಕೈಯಿಂದ ತಬ್ಬಿ ಹಿಡಿದಳು. ಮಂಜಿನೊಳಗಿಂದ ಅದು ಈಚೆ ಬಂತು. ಒಂಟಿ ಕೊಂಬು, ಸೊಂಡಿಲ ತುಂಬ ತಿಪ್ಪೆಯ ಮಣ್ಣು. ಇವರ ಕಡೆ ತಿರುಗಿಯೂ ನೋಡದೆ ಬೇಲಿಯ ಕಡೆ ನಡೆಯಿತು. ಬರುವಾಗ ಬೀಳಿಸಿದ್ದ ಕಂಬದ ಪಕ್ಕ ಇನ್ನೊಂದು ಕಂಬ ಮುರಿಯಿತು, ತಂತಿ ಹಿಂಗಾಲಿಗೆ ಸುತ್ತಿಕೊಂಡಿತು. ಅದನ್ನು ಎಳೆದುಕೊಂಡೇ, ಕಾಲಿಗೆ ಬಳ್ಳಿ ಸುತ್ತಿಕೊಂಡಂತೆ, ಏನೂ ಅವಸರವಿಲ್ಲದೆ ಮರಿಮಲ್ಲಪ್ಪನ ಹೊಲದ ಮಂಜಿನೊಳಗೆ ಹೋಯಿತು.

ಮಲ್ಲಮ್ಮ ಕೊಟ್ಟಿಗೆ ನೋಡಲಿಲ್ಲ. ಹೋಗುತ್ತಿದ್ದ ಆ ಕಾಲನ್ನೇ ನೋಡುತ್ತಿದ್ದಳು.

"ಬೆಚ್ಚಲಿಲ್ಲ" ಎಂದಳು. "ಅದು ಬೆಚ್ಚಲೇ ಇಲ್ವಲ್ಲವ್ವ."

ಮೆಲ್ಲಗೆ ಸೊಸೆಯ ಕೈಗಳನ್ನು ತನ್ನ ಮೈಯಿಂದ ಬಿಡಿಸಿಕೊಂಡಳು.

ಹಗಲಾದ ಮೇಲೆ ಊರಿನವರು ಬಂದರು, ಇಲಾಖೆಯವರು ಬಂದರು. ಗೋಡೆಯ ಕೆಳಗಿಂದ ಕೆಂಪಿಯನ್ನು ಎಳೆದರು. ಹೊಟ್ಟೆಯಲ್ಲಿದ್ದ ಕರುವೂ ಹೋಗಿತ್ತು. ರಂಗಸ್ವಾಮಿ ತಲೆ ತಗ್ಗಿಸಿ ಗುಂಡಿ ತೋಡಿದ. ರಮ್ಯ ನಾಲ್ಕೂ ನಕ್ಷತ್ರಗಳನ್ನು ಹರಿದು ಒಲೆಗೆ ಹಾಕಿದಳು.

"ಬೇಲೀಲಿ ಕರೆಂಟ್ ಇರ್ಲಿಲ್ವಾ ಅಜ್ಜಿ?" ಎಂದು ಗಾರ್ಡು ಕೇಳಿದ.

ಸುಧಾಮಣಿ ಅತ್ತೆಯ ಮುಖ ನೋಡಿದಳು.

"ಮಂಜಲ್ವ ಕಣಪ್ಪ" ಎಂದಳು ಮಲ್ಲಮ್ಮ. "ಬಿಸ್ಲಿಲ್ಲ. ಬ್ಯಾಟ್ರಿ ಇಳ್ದೋಗಿತ್ತು."

ಎಲ್ಲರೂ ಹೋದ ಮೇಲೆ ಸುಧಾಮಣಿ ಅವಳ ಕಾಲ ಬಳಿ ಕುಳಿತು, "ಅತ್ತೆ, ನಾನು ದಿನಾ..." ಎಂದು ಬಾಯಿ ತೆಗೆದಳು.

"ಎದ್ದೋಗಿ ಒಂದ್ ತುತ್ತು ಉಣ್ಣೋಗವ್ವ" ಎಂದಳು ಮಲ್ಲಮ್ಮ. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಓವನ್ನು, ಪಿಂಗಾಣಿ ತಟ್ಟೆ, ಮರ ಎಲ್ಲವನ್ನೂ ಸುಧಾಮಣಿ ಬಂದಷ್ಟಕ್ಕೆ ಮಾರಿಸಿ, ಮುರಿದ ಬೇಲಿ ಕಟ್ಟಿಸಿ ಹೊಸ ಬ್ಯಾಟರಿ ಹಾಕಿಸಿದಳು. ಮನೆಯಲ್ಲಿ ಮತ್ತೆ ಮುದ್ದೆ, ಸಾರು, ಹೊತ್ತು ಮುಳುಗುವ ಮೊದಲು ಊಟ. ಸಂಕ್ರಾಂತಿಗೆ ಎಲ್ಲರ ಮನೆಯ ದನಗಳೂ ಕಿಚ್ಚು ಹಾಯ್ದವು. ಇವರ ಮನೆಯವರು ಬಾಗಿಲಲ್ಲಿ ನಿಂತು ನೋಡಿದರು.

ಆ ಸಂಜೆಯೂ ಸುಧಾಮಣಿ ಹಿತ್ತಲಿಗೆ ಹೋಗಿ ಹುಲ್ಲು ತಾಗಿಸಿ ನೋಡಿದಳು. ಮೊಣಕೈ ತನಕ ಜುಮ್ಮೆಂದಿತು. ಕೈಕಾಲು ತೊಳೆದು ಒಳಗೆ ಬಂದು ಒಲೆಯ ಬಳಿ ನಿಂತಳು. ಒಂದು ಮಾತು ಕೇಳಲಿ ಎಂದು ಕಾದಳು. ಮೂರು ವಾರದಿಂದ ಹಾಗೇ ಕಾಯುತ್ತಿದ್ದಳು.

ಮಲ್ಲಮ್ಮ ಮುದ್ದೆಯ ಪಾತ್ರೆ ಇಳಿಸಿದಳು, ಸೆರಗು ಸಿಕ್ಕಿಸಿದಳು, ಗೋಡೆಗೆ ಒರಗಿಸಿದ್ದ ಕೋಲು ತೆಗೆದುಕೊಂಡಳು.

"ಅತ್ತೆ, ನಾನು ಈಗ್ತಾನೆ ಮುಟ್ಟಿ ನೋಡ್ದೆ. ಜುಮ್ ಅಂತದೆ."

"ಊಂ ಕಣವ್ವ" ಎಂದಳು ಮಲ್ಲಮ್ಮ. ಮಂಡಿ ಹಿಡಿದುಕೊಂಡು ಮೆಟ್ಟಿಲಿಳಿದು, ದಾರಿಯಲ್ಲಿ ಬಗ್ಗಿ ಒಂದೆಳೆ ಹುಲ್ಲು ಕಿತ್ತುಕೊಂಡು, ಬೇಲಿಯ ಕಡೆಗೆ ನಡೆದಳು.